ಮದುವೆಗೆ ಮನೆಯಲ್ಲೇ ಅಕ್ಷತೆ: 300 ಪೊಟ್ಟಣಕ್ಕೆ ಎಷ್ಟು ಅಕ್ಕಿ?

ಪ್ರಶ್ನೆ: ಅಳತೆ ಹೇಳಿ. ಬಣ್ಣ ಸೀರೆಗೆ ಹತ್ತಬಾರದು. ಕೆಂಪಕ್ಷತೆ ಆದ್ರೆ ಒಳ್ಳೇದು.

ಉತ್ತರ 1: ತಲಾ 10 ಗ್ರಾಂ ಹಿಡಿದ್ರೆ 3 ಕೆಜಿ. ನುಚ್ಚು ಆರಿಸಿಬಿಡಿ. ಹಳದಿಗಾದ್ರೆ ಕೆಜಿಗೆ 2 ಟೀಚಮಚ ಕರಗಿಸಿದ ತುಪ್ಪ ಮೊದಲು ಸವರಿ, ಆಮೇಲೆ ಅಷ್ಟೇ ಅರಿಶಿನ. ಅರಿಶಿನಕ್ಕೇ ತುಪ್ಪ ಸುರಿದ್ರೆ ಗಂಟು ಕಟ್ಟುತ್ತೆ.

ಉತ್ತರ 2: ಕೆಂಪಿಗೆ ಕುಂಕುಮ ಬೇಡ, ರೇಷ್ಮೆ ಹಾಳು. ಅರಿಶಿನದ ಜೊತೆ ಎಲೆಗೆ ಹಚ್ಚೋ ಸುಣ್ಣ, ಕೆಜಿಗೆ ಕಡಲೆಕಾಳಿನಷ್ಟು, 2 ಚಮಚ ನೀರಲ್ಲಿ ಕದಡಿ ಕಲಸಿ. ಸಾಲದಿದ್ರೆ ಚೂರು ಹೆಚ್ಚಿಸಿ. ಇಲ್ಲಿ ತುಪ್ಪ ಕೊನೆಗೆ. ಮೊದಲೇ ಹಾಕಿದ್ರೆ ನೀರು ಹಿಡಿಯೋದಿಲ್ಲ.

ಉತ್ತರ 3: ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಅರಿಶಿನ ಮಂಕಾಗುತ್ತೆ. ತೇವ ಉಳಿದ್ರೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೂಷ್ಟು ಖಂಡಿತ. ತುಂಬೋ ಮುಂಚೆ ಜರಡಿ ಹಿಡಿಯಿರಿ. ಕಲೆ ಮಾಡೋದು ಆ ಉಳಿದ ಪುಡಿಯೇ.