ಕ್ಯಾಮೆರಾ ಕೊಳ್ಳುವ ಮುಂಚೆ ಇದನ್ನು ಕೇಳು, ಪುಟ್ಟಿ

ಪುಟ್ಟಿ, ಬೆಳಿಗ್ಗೆ ಎರಡು ಕ್ಯಾಮೆರಾ ಫೋಟೊ ಹಾಕಿ "ಅತ್ತೆ, ಯಾವುದು ತಗೊಳ್ಳಲಿ" ಅಂತ ಕೇಳಿದ್ದೆಯಲ್ಲ. ಟೈಪ್ ಮಾಡುವಷ್ಟು ಚಿಕ್ಕ ವಿಷಯ ಅಲ್ಲ ಇದು, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಒಂದು, ಜೇಬಿಗೆ ಹಿಡಿಯುವ ಕ್ಯಾನನ್ ಎಸ್‌ಎಕ್ಸ್740, 40 ಪಟ್ಟು ಜೂಮ್. ಇನ್ನೊಂದು ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ, ಕ್ಯಾನನ್ 1500ಡಿ, 18ರಿಂದ 55 ಎಂಎಂವರೆಗೆ ಜೂಮ್ ಆಗುವ 18-55 ಲೆನ್ಸ್ ಜೊತೆ. ಅಲ್ವಾ?

ಆ 40 ಪಟ್ಟು ಸುಳ್ಳಲ್ಲ. ಚಿತ್ರದುರ್ಗದ ಕೋಟೆಯ ಬಂಡೆ ಮೇಲೆ ನವಿಲು ಕೂತಿದ್ದರೆ ಕೆಳಗೆ ನಿಂತೇ ಹಿಡಿಯಬಹುದು. ಆದರೆ ಅಷ್ಟು ಪುಟ್ಟ ಡಬ್ಬಿಯಲ್ಲಿ ಅಷ್ಟು ಜೂಮ್ ಹೇಗೆ ಬಂತು ಹೇಳು? ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಸುಮಾರು 6 ಮಿ.ಮೀ. ಅಗಲ, ಕಿರುಬೆರಳ ಉಗುರಿಗಿಂತ ಚಿಕ್ಕದು. ಸೆನ್ಸರ್ ಚಿಕ್ಕದಿದ್ದರೆ ಲೆನ್ಸೂ ಚಿಕ್ಕದು ಸಾಕು. 1500ಡಿಯ ಸೆನ್ಸರ್ 22 ಮಿ.ಮೀ. ಅಗಲ. ಬೆಳಕು ಬೀಳುವ ಜಾಗ ಹೆಚ್ಚುಕಮ್ಮಿ 12 ಪಟ್ಟು ದೊಡ್ಡದು. ಬಿಸಿಲಲ್ಲಿ ವ್ಯತ್ಯಾಸ ಅಷ್ಟು ಕಾಣಲ್ಲ. ಸಂಜೆ ದೇವರ ಮನೆಯಲ್ಲಿ, ಓಬವ್ವನ ಕಿಂಡಿಯ ನೆರಳಲ್ಲಿ ತೆಗೆದು ನೋಡು, ಚಿಕ್ಕ ಸೆನ್ಸರಿನ ಫೋಟೊ ತರಿತರಿಯಾಗಿ ಬರುತ್ತದೆ. ನಿನಗೆ ಬೇಕಾಗಿರುವುದು ಅಜ್ಜಿಯ ಮುಖ, ಅಕ್ಕನ ಮದುವೆ. ಅವೆಲ್ಲ ಮನೆ ಒಳಗಿನ, ಛತ್ರದ ಒಳಗಿನ ಫೋಟೊಗಳೇ.

ಹಾಗಂತ ಸುಮ್ನೆ 1500ಡಿ ತಗೋ ಅನ್ನಲ್ಲ. ಲೆನ್ಸ್ ಬಿಟ್ಟು ಬಾಡಿಯೊಂದೇ 475 ಗ್ರಾಂ. ಆ 18-55 ಲೆನ್ಸ್ ಮೂರು ಪಟ್ಟು ಜೂಮ್ ಅಷ್ಟೇ. ನವಿಲಿಗೆ ದೂರದ್ದನ್ನು ಹತ್ತಿರ ತೋರಿಸುವ 55-250 ಲೆನ್ಸ್ ಬೇರೆ ಕೊಳ್ಳಬೇಕು, ಅದರ ದುಡ್ಡು ಬೇರೆ, ಭಾರ ಬೇರೆ. ನನ್ನ ಹಳೇ ಕ್ಯಾಮೆರಾ ಅದಕ್ಕಿಂತ ಭಾರ. ಕೋಟೆಯಲ್ಲಿ ತುಪ್ಪದ ಕೊಳದ ಬಂಡೆ ಹತ್ತುವಾಗ ಎರಡೂ ಕೈ ಬೇಕು, ನಿನಗೇ ಗೊತ್ತಲ್ಲ. ಅರ್ಧ ಹತ್ತಿದಾಗ ಬ್ಯಾಗ್ ಒಂದು ಕಡೆ ಎಳೆದು ಕಾಲು ಜಾರಿತ್ತು. ಆಮೇಲೆ ಹತ್ತು ವರ್ಷ ಕೋಟೆಗೆ ಹೋದಾಗಲೆಲ್ಲ ಅದನ್ನು ಬೀರುವಿನಲ್ಲೇ ಬಿಟ್ಟು ಹೋದೆ. ಆ ಹತ್ತು ವರ್ಷದ ಫೋಟೊಗಳೇ ನನ್ನ ಹತ್ತಿರ ಇಲ್ಲ, ಪುಟ್ಟಿ. ಈಗಲೂ ಬೇಜಾರಾಗುತ್ತದೆ.

ಅದಕ್ಕೇ ಹೇಳುವುದು, 2023ರಲ್ಲಿ ಬಂದ ಕ್ಯಾನನ್ ಆರ್100 ಒಮ್ಮೆ ನೋಡು. ಸೆನ್ಸರ್ 1500ಡಿಯಷ್ಟೇ ದೊಡ್ಡದು. 1500ಡಿಯಲ್ಲಿರುವ ಹಾಗೆ ಒಳಗೆ ಕನ್ನಡಿ ಇಲ್ಲ, ಹಾಗಾಗಿ ಬಾಡಿ 356 ಗ್ರಾಂ. ಟಚ್ ಸ್ಕ್ರೀನ್ ಇಲ್ಲ, ಸ್ಕ್ರೀನ್ ತಿರುಗಿಸಲೂ ಆಗಲ್ಲ. ವಿಡಿಯೊದಲ್ಲಿ ತಮ್ಮ ಮುಖ ತಾವೇ ನೋಡಿಕೊಳ್ಳಬೇಕಾದವರಿಗೆ ಕಷ್ಟ, ನಿನಗಲ್ಲ. ಮುಂದೆ ದುಡ್ಡು ಕೂಡಿದಾಗ ಇದಕ್ಕೇ ಬರುವ 50 ಎಂಎಂ ಎಫ್1.8 ಲೆನ್ಸ್ ತಗೋ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಜಾಸ್ತಿ. ಜೊತೆಗೆ ಬರುವ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಬರುವ ಬೆಳಕಿಗಿಂತ ಅದರಲ್ಲಿ ಹತ್ತು ಪಟ್ಟಿಗೂ ಜಾಸ್ತಿ ಬರುತ್ತದೆ. ಅಜ್ಜಿಯ ಮುಂದೆ ಫ್ಲಾಶ್ ಹೊಡೆಯುವುದೇ ಬೇಡ. ನವಿಲು ಸ್ವಲ್ಪ ದಿನ ಕಾಯಲಿ.

ಶನಿವಾರ ದುರ್ಗದಿಂದ ಬಸ್ಸು ಹತ್ತಿ ದಾವಣಗೆರೆಗೆ ಬಾ, ಅಂಗಡಿಗೆ ನಾನೂ ಬರುತ್ತೇನೆ. ದುಡ್ಡು ಕೊಡುವ ಮುಂಚೆ ಮೂರನ್ನೂ ಒಂದೊಂದಾಗಿ ಕೊರಳಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡು.