ಕ್ಲೌಡ್ ಸರ್ವರ್‌ನಿಂದ ಲೋಕಲ್ ಮಾಸ್ಕಿಟೊ ಬ್ರೋಕರ್‌ಗೆ ಕನೆಕ್ಟ್ ಆಗ್ತಿಲ್ಲ, ಬರೀ ಟೈಮ್‌ಔಟ್

ಪ್ರಶ್ನೆ

ಉಬುಂಟು ಮೆಷಿನ್‌ನಲ್ಲಿ ಮಾಸ್ಕಿಟೊ 2.0 (ಸೆನ್ಸರ್‌ನಂಥ ಸಾಧನಗಳ ಮೆಸೇಜ್ ಪಡೆದು, ಸಬ್‌ಸ್ಕ್ರೈಬ್ ಮಾಡಿದವರಿಗೆ ತಲುಪಿಸುವ ಎಂಕ್ಯೂಟಿಟಿ ಬ್ರೋಕರ್) ಓಡ್ತಿದೆ. ಅದೇ ಲ್ಯಾನ್‌ನ ಬೇರೆ ಕಂಪ್ಯೂಟರಿನಿಂದ ಸಬ್‌ಸ್ಕ್ರೈಬ್ ಮಾಡಿದರೆ ಮೆಸೇಜ್ ಸರಿಯಾಗಿ ಬರುತ್ತೆ. ಕ್ಲೌಡ್ ಸರ್ವರ್‌ನಿಂದ ಮಾತ್ರ ಟೈಮ್‌ಔಟ್. ರೌಟರ್‌ನಲ್ಲಿ ಮಾಸ್ಕಿಟೊದ 1883 ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಉಬುಂಟು ಫೈರ್‌ವಾಲ್‌ನಲ್ಲೂ ತೆರೆದಿದ್ದೇನೆ. ಎಲ್ಲಿ ತಡೆ ಬೀಳ್ತಿದೆ ಅಂತ ಪತ್ತೆ ಮಾಡೋದು ಹೇಗೆ?

ಉತ್ತರ 1

‘ಕನೆಕ್ಷನ್ ರೆಫ್ಯೂಸ್ಡ್’ ಬಂದಿದ್ದರೆ ದಾರಿ ತೆರೆದಿದೆ, ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ ಅಂತ ಸಾಮಾನ್ಯವಾಗಿ ಅರ್ಥ. 2.0ರಿಂದ ಈಚೆಗೆ ಕಾನ್ಫಿಗ್‌ನಲ್ಲಿ ಲಿಸನರ್ ಸಾಲು (ಯಾವ ಪೋರ್ಟಿನಲ್ಲಿ ಕನೆಕ್ಷನ್ ತಗೊಳ್ಳಬೇಕು ಅಂತ ಹೇಳುವ ಸಾಲು) ಇಲ್ಲದಿದ್ದರೆ ಮಾಸ್ಕಿಟೊ ಲೋಕಲ್‌ಹೋಸ್ಟ್ (ಅದೇ ಮೆಷಿನ್) ಬಿಟ್ಟು ಬೇರೆಲ್ಲಿಂದಲೂ ಕನೆಕ್ಷನ್ ತಗೊಳ್ಳಲ್ಲ. ಲಿಸನರ್ ಬರೆದರೆ ಯೂಸರ್‌ನೇಮ್ ಇಲ್ಲದ ಲಾಗಿನ್ ಬಂದ್, ಆಗ ರಿಟರ್ನ್ ಕೋಡ್ 5 (ಅನುಮತಿ ಇಲ್ಲ) ಬರುತ್ತೆ. ನಿಮಗೆ ಲ್ಯಾನ್‌ನಲ್ಲಿ ಸರಿಯಾಗಿದೆ, ಹಾಗಾಗಿ ಇವೆರಡೂ ಅಲ್ಲ. ಟೈಮ್‌ಔಟ್ ಅಂದರೆ ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗ್ತಿದೆ.

ಬ್ರೋಕರ್ ಮೆಷಿನ್‌ನಲ್ಲಿ 1883ಕ್ಕೆ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಹಾಕಿಟ್ಟು, ಕ್ಲೌಡ್‌ನಿಂದ ಕನೆಕ್ಟ್ ಮಾಡಿ ನೋಡಿ. ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್, ಅಂದರೆ ಸಿನ್, ಕಾಣದೇ ಇದ್ದರೆ ಮಾಸ್ಕಿಟೊ ಕಾನ್ಫಿಗ್ ಮುಟ್ಟಲೇಬೇಡಿ, ತೊಂದರೆ ಹೊರಗಿದೆ. ಸಿನ್ ಬಂದು ಅದಕ್ಕೆ ಉತ್ತರವಾದ ಸಿನ್-ಆಕ್ ಹೋಗದಿದ್ದರೆ ಮೆಷಿನ್‌ನ ಫೈರ್‌ವಾಲ್ ನೋಡಿ. ಸಿನ್-ಆಕ್ ಹೋದ ಮೇಲೂ ಸಿನ್ ಮತ್ತೆ ಮತ್ತೆ ಬರ್ತಿದ್ದರೆ ಉತ್ತರ ಬೇರೆ ದಾರಿಯಲ್ಲಿ ಹೋಗ್ತಿದೆ. ವಿಪಿಎನ್ ಆನ್ ಇದ್ದು ಡಿಫಾಲ್ಟ್ ರೂಟ್ ಬದಲಾಗಿದ್ದರೆ ಹೀಗಾಗುತ್ತೆ.

ರೌಟರ್ ಸ್ಟೇಟಸ್ ಪೇಜ್‌ನಲ್ಲಿ ವ್ಯಾನ್ ಐಪಿ (ರೌಟರ್‌ನ ಹೊರಗಿನ ಕಡೆಯ ವಿಳಾಸ) ಏನಿದೆ ಹೇಳಿ.

ಪ್ರಶ್ನೆ ಕೇಳಿದವರು

ಸಿನ್ ಬರ್ತಾನೇ ಇಲ್ಲ ಸರ್. ವ್ಯಾನ್ ಐಪಿ 100.72ರಿಂದ ಶುರುವಾಗುತ್ತೆ.

ಉತ್ತರ 2

ಹಾಗಾದರೆ ಸಿಜಿನ್ಯಾಟ್, ಅಂದರೆ ಐಎಸ್‌ಪಿ (ಇಂಟರ್ನೆಟ್ ಕಂಪನಿ) ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚೋದು. 100.64ರಿಂದ 100.127ರವರೆಗಿನ ವಿಳಾಸಗಳು ಅದಕ್ಕೇ ಮೀಸಲು. ನಿಮ್ಮ ರೌಟರ್ ಆಚೆಗೆ ಐಎಸ್‌ಪಿಯ ಇನ್ನೊಂದು ನ್ಯಾಟ್ ಇದೆ, ನಿಮ್ಮ ಪೋರ್ಟ್ ಫಾರ್ವರ್ಡ್ ಅದಕ್ಕೆ ಗೊತ್ತೇ ಇಲ್ಲ. ಪಬ್ಲಿಕ್ ಐಪಿ ಕೇಳಿ ಪಡೆದರೂ 1883 ಅನ್ನು ಇಂಟರ್ನೆಟ್‌ಗೆ ತೆರೆದಿಡೋದು ಬೇಡವೇ ಬೇಡ, ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗದೆ ಹೋಗುತ್ತೆ.

ಕನೆಕ್ಷನ್ ಒಳಗಿನಿಂದಲೇ ಹೊರಡಲಿ. ಕ್ಲೌಡ್ ಸರ್ವರ್‌ನಲ್ಲಿ ಇನ್ನೊಂದು ಬ್ರೋಕರ್ ಹಾಕಿ, 8883ರಲ್ಲಿ ಟಿಎಲ್‌ಎಸ್ (ಎನ್‌ಕ್ರಿಪ್ಶನ್) ಕೊಡಿ, ಲೋಕಲ್ ಮಾಸ್ಕಿಟೊದಿಂದ ಅದಕ್ಕೆ ಬ್ರಿಡ್ಜ್ ಮಾಡಿ, ಅಂದರೆ ಎರಡು ಬ್ರೋಕರ್‌ಗಳು ತಮ್ಮ ನಡುವೆ ಮೆಸೇಜ್ ದಾಟಿಸುವಂತೆ ಜೋಡಿಸಿ. ಹೊರಹೋಗುವ ಕನೆಕ್ಷನ್‌ಗೆ ನ್ಯಾಟ್ ಅಡ್ಡ ಬರಲ್ಲ, ಪೋರ್ಟ್ ಫಾರ್ವರ್ಡ್ ತೆಗೆದುಬಿಡಬಹುದು. ಬ್ರಿಡ್ಜ್‌ನ ಟಾಪಿಕ್ (ಮೆಸೇಜಿನ ವಿಷಯದ ಹೆಸರು) ಬರೆಯುವಾಗ ಕ್ಲೌಡ್‌ಗೆ ಹೋಗುವ ಸೆನ್ಸರ್ ಡೇಟಾಗೆ ‘ಔಟ್’, ಕ್ಲೌಡ್‌ನಿಂದ ಬರುವ ಕಮಾಂಡ್‌ಗಳಿಗೆ ‘ಇನ್’ ಅಂತ ಬೇರೆ ಬೇರೆ ಸಾಲು ಕೊಡಿ. ಎಲ್ಲ ಟಾಪಿಕ್‌ಗೂ ಒಟ್ಟಿಗೆ ‘ಬೋತ್’ ಹಾಕಿದರೆ, ಎದುರಿಗಿರೋದು ಮಾಸ್ಕಿಟೊ ಅಲ್ಲದ ಬ್ರೋಕರ್ ಆಗಿದ್ದಾಗ ಕಳಿಸಿದ ಮೆಸೇಜೇ ವಾಪಸ್ ಬಂದು ಸುತ್ತುತ್ತಾ ಇರುತ್ತೆ.

ಉತ್ತರ 3

ಬ್ರಿಡ್ಜ್ ಹಾಕಿದ ಮೇಲೆ ಎರಡು ಕಡೆ ಸಿಕ್ಕಿಹಾಕಿಕೊಳ್ಳೋದು ಹೆಚ್ಚು. ಸರ್ಟಿಫಿಕೇಟ್ ವೆರಿಫೈ ಫೇಲ್ ಅಂತ ಲಾಗ್‌ನಲ್ಲಿ ಬಂದರೆ ಮೊದಲು ಮೆಷಿನ್ ಗಡಿಯಾರ ನೋಡಿ. ಆರ್‌ಟಿಸಿ (ಪವರ್ ಇಲ್ಲದಾಗಲೂ ಓಡುವ ಗಡಿಯಾರ) ಬ್ಯಾಟರಿ ಇಲ್ಲದ ಬೋರ್ಡ್ ಪವರ್ ಹೋಗಿ ಬಂದಾಗ ಹಳೇ ತಾರೀಖಿನಲ್ಲಿ ಏಳುತ್ತೆ, ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ) ಸಮಯ ಸಿಂಕ್ ಆಗೋವರೆಗೆ ಹೊಸ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂದುಕೊಳ್ಳುತ್ತೆ. ಬ್ರಿಡ್ಜ್‌ನ ಅಡ್ರೆಸ್ ಸಾಲಿನಲ್ಲಿ ಐಪಿ ಬೇಡ, ಸರ್ಟಿಫಿಕೇಟ್‌ನಲ್ಲಿರುವ ಡೊಮೇನ್ ಹೆಸರನ್ನೇ ಬರೆಯಿರಿ.

ಇನ್ನೊಂದು, ಕನೆಕ್ಟ್ ಆಗಿ ಕೆಲವೇ ಸೆಕೆಂಡಿಗೆ ಬಿಟ್ಟುಹೋಗಿ ಮತ್ತೆ ಕನೆಕ್ಟ್ ಆಗೋದು. ಒಂದೇ ಕ್ಲೈಂಟ್ ಐಡಿ ಇಬ್ಬರ ಹತ್ತಿರ ಇದ್ದರೆ ಹೊಸಬ ಬಂದಾಗಲೆಲ್ಲ ಬ್ರೋಕರ್ ಹಳಬನನ್ನು ಹೊರಹಾಕುತ್ತೆ. ಟೆಸ್ಟ್ ಸ್ಕ್ರಿಪ್ಟ್‌ಗೂ ಬ್ರಿಡ್ಜ್‌ಗೂ ಬೇರೆ ಐಡಿ ಕೊಡಿ. ಹಾಗಲ್ಲದೆ, ಸುಮ್ಮನಿದ್ದಾಗ ಮಾತ್ರ ಕಡಿದುಹೋಗ್ತಿದ್ದರೆ ಕೀಪ್‌ಅಲೈವ್ (ಕನೆಕ್ಷನ್ ಜೀವಂತ ಇದೆಯಾ ಅಂತ ನೋಡುವ ಅಂತರ) ಅನ್ನು ಡಿಫಾಲ್ಟ್ 60 ಸೆಕೆಂಡಿನಿಂದ 30ಕ್ಕೆ ಇಳಿಸಿ ನೋಡಿ.