ಹ್ಯಾಮ್ ಲಾಗ್‌ಬುಕ್ ತಂತ್ರಾಂಶ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಸಂಪರ್ಕಗಳನ್ನು ಬರೆದಿಡುವ ಹಳೆಯ ಲಾಗ್‌ಬುಕ್ ತಂತ್ರಾಂಶ ಬಿಟ್ಟು ಹೊಸದಕ್ಕೆ ಬಂದ ಮೇಲೆ ನಾಲ್ಕು ತೊಂದರೆ ಕಾಣುತ್ತಿವೆ. ರೇಡಿಯೊದ ಫ್ರೀಕ್ವೆನ್ಸಿ ಲಾಗ್‌ನಲ್ಲಿ ಬರುತ್ತದೆ, ಆದರೆ ಡಬ್ಲ್ಯೂಎಸ್‌ಜೆಟಿ-ಎಕ್ಸ್ (ಡಿಜಿಟಲ್ ಸಂಪರ್ಕಗಳ ಪ್ರೋಗ್ರಾಂ) ಜೊತೆಗೆ ತೆರೆದರೆ ಎರಡರಲ್ಲೊಂದು ನಿಂತುಹೋಗುತ್ತದೆ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಮುಗಿಸಿದ ಕ್ಯೂಎಸ್‌ಒಗಳು (ಸಂಪರ್ಕಗಳು) ಲಾಗ್‌ಗೆ ತಾವಾಗಿ ಬರುವುದಿಲ್ಲ, ಬಂದರೆ ಎರಡೆರಡು ಬರುತ್ತವೆ. ಹಳೆಯ ಲಾಗನ್ನು ಎಡಿಐ (ಲಾಗ್ ವಿನಿಮಯದ ಪಠ್ಯ ರೂಪ) ಫೈಲ್‌ನಿಂದ ಇಂಪೋರ್ಟ್ ಮಾಡಿದಾಗ ಕೆಲವು ದಾಖಲೆ ಬಿಟ್ಟುಹೋಗಿವೆ. ಎರಡೂ ಕಡೆಯ ಲಾಗ್ ಹೋಲಿಸಿ ಸಂಪರ್ಕ ದೃಢಪಡಿಸುವ ಎಲ್‌ಒಟಿಡಬ್ಲ್ಯೂ ಸೇವೆಗೆ ಕಳಿಸಿದ್ದರಲ್ಲೂ ಹಲವು ಹೊಂದಿಲ್ಲ. ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕಿದರೆ ಸರಿಹೋದೀತೆ? ಇಲ್ಲವಾದರೆ ಯಾವುದರಿಂದ ಶುರು ಮಾಡಬೇಕು?

ಮೊದಲ ಉತ್ತರ: ಪೋರ್ಟ್ ಮತ್ತು ರೇಡಿಯೊ

ಅಳಿಸಿ ಮತ್ತೆ ಹಾಕುವುದರಿಂದ ಸಾಮಾನ್ಯವಾಗಿ ಏನೂ ಆಗದು. ಸೆಟ್ಟಿಂಗ್‌ಗಳು ನಿಮ್ಮ ಬಳಕೆದಾರ ಫೋಲ್ಡರ್‌ನಲ್ಲಿ ಹಾಗೇ ಉಳಿದಿರುತ್ತವೆ, ತಪ್ಪೂ ಅವುಗಳ ಜೊತೆಗೇ ವಾಪಸ್ ಬರುತ್ತದೆ. ಮೊದಲು ಲಾಗನ್ನು ಎಡಿಐ ಆಗಿ ಎಕ್ಸ್‌ಪೋರ್ಟ್ ಮಾಡಿ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಆಮೇಲೆ ಮಾಹಿತಿ ಸಾಗುವ ದಾರಿಯನ್ನೇ ಹಿಡಿದು ನಡೆಯಿರಿ: ರೇಡಿಯೊ, ಕಾಮ್ ಪೋರ್ಟ್ (ರೇಡಿಯೊ ಕೇಬಲ್‌ಗೆ ಕಂಪ್ಯೂಟರ್ ಕೊಡುವ ಸೀರಿಯಲ್ ಪೋರ್ಟ್), ಡಿಜಿಟಲ್ ಪ್ರೋಗ್ರಾಂ, ಲಾಗ್, ಕೊನೆಗೆ ಅಪ್‌ಲೋಡ್. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.

ನಿಮ್ಮ ಮೊದಲ ತೊಂದರೆಗೆ ಕಾರಣ ಸ್ಪಷ್ಟ. ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆಯಬಹುದು. ಮೊದಲು ತೆರೆದದ್ದಕ್ಕೆ ಪೋರ್ಟ್ ಸಿಗುತ್ತದೆ, ಎರಡನೆಯದು ದೋಷ ತೋರಿಸುತ್ತದೆ. ಪೋರ್ಟನ್ನು ಒಂದು ಮಧ್ಯವರ್ತಿ ಪ್ರೋಗ್ರಾಂಗೆ ಒಪ್ಪಿಸಿ, ಉಳಿದವು ಅದರ ಮೂಲಕ ಮಾತಾಡಲಿ. ಹ್ಯಾಮ್‌ಲಿಬ್‌ನ ರಿಗ್‌ಸಿಟಿಎಲ್‌ಡಿ ಆದರೆ ಟಿಸಿಪಿ ಪೋರ್ಟ್ 4532, ಎಫ್‌ಎಲ್‌ರಿಗ್ ಆದರೆ 12345. ಎರಡೂ ಪ್ರೋಗ್ರಾಂಗಳಲ್ಲಿ ರೇಡಿಯೊ ಮಾದರಿಯ ಜಾಗದಲ್ಲಿ ಇದನ್ನೇ ಆರಿಸಬೇಕು. ಒಂದರಲ್ಲಿ ಇನ್ನೂ ಕಾಮ್ ಸಂಖ್ಯೆ ಉಳಿದಿದ್ದರೆ ಜಗಳ ಮುಗಿಯುವುದಿಲ್ಲ.

ರೇಡಿಯೊ ಉತ್ತರವನ್ನೇ ಕೊಡದಿದ್ದರೆ ಬಾಡ್ ರೇಟ್ (ಪೋರ್ಟ್‌ನ ವೇಗ) ಎರಡೂ ಕಡೆ ಒಂದೇ ಇದೆಯೇ ನೋಡಿ. ಐಕಾಮ್ ಕಂಪನಿಯ ರೇಡಿಯೊ ಆದರೆ ಸಿಐ-ವಿ ವಿಳಾಸವನ್ನೂ (ಆ ರೇಡಿಯೊವನ್ನು ಗುರುತಿಸುವ ಸಂಖ್ಯೆ) ನೋಡಿ; ಐಸಿ-7300ಕ್ಕೆ ಕಾರ್ಖಾನೆಯಿಂದ ಬರುವುದು ಹೆಕ್ಸ್ 94. ಅದೇ ರೇಡಿಯೊದಲ್ಲಿ ಯುಎಸ್‌ಬಿ ಪೋರ್ಟನ್ನು ರಿಮೋಟ್ ಜ್ಯಾಕ್‌ನಿಂದ ಬಿಡಿಸದೆ 115200 ವೇಗ ಸಿಗದು. ಯಾಯೆಸು ಕಂಪನಿಯ ಹಲವು ಮಾದರಿಗಳು ಒಂದೇ ಕೇಬಲ್‌ನಲ್ಲಿ ಎರಡು ಕಾಮ್ ಪೋರ್ಟ್ ತೋರಿಸುತ್ತವೆ. ಕ್ಯಾಟ್ (ಕಂಪ್ಯೂಟರ್‌ನಿಂದ ರೇಡಿಯೊ ನಿಯಂತ್ರಿಸುವ) ಆಜ್ಞೆಗಳಿಗೆ ಎನ್‌ಹಾನ್ಸ್ಡ್ ಎಂದಿರುವುದನ್ನು ಬಳಸಿ, ಸ್ಟ್ಯಾಂಡರ್ಡ್ ಅನ್ನಲ್ಲ.

ಪ್ರೋಗ್ರಾಂ ತೆರೆದ ಕ್ಷಣವೇ ರೇಡಿಯೊ ಟ್ರಾನ್ಸ್‌ಮಿಟ್‌ಗೆ ಹೋದರೆ ಗಾಬರಿಯಾಗಬೇಡಿ. ಪೋರ್ಟ್ ತೆರೆಯುವಾಗ ಡಿಟಿಆರ್ ಅಥವಾ ಆರ್‌ಟಿಎಸ್ ಎಂಬ ನಿಯಂತ್ರಣ ಗೆರೆ ಮೇಲೇಳುತ್ತದೆ, ರೇಡಿಯೊ ಅದನ್ನು ಪಿಟಿಟಿ (ಟ್ರಾನ್ಸ್‌ಮಿಟ್ ಮಾಡುವ ಸೂಚನೆ) ಎಂದು ಓದುತ್ತದೆ. ಪ್ರೋಗ್ರಾಂನಲ್ಲಿ ಎರಡೂ ಗೆರೆಗಳನ್ನು ತಗ್ಗಿಸಿಡಿ, ಪಿಟಿಟಿಯನ್ನು ಕ್ಯಾಟ್‌ಗೆ ಬದಲಿಸಿ. ಐಕಾಮ್‌ನಲ್ಲಿ ಯುಎಸ್‌ಬಿ ಸೆಂಡ್ ಆಯ್ಕೆಯನ್ನು ಆಫ್ ಮಾಡಿ. ಇದು ಸರಿಯಾಗುವವರೆಗೆ ಆಂಟೆನಾ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಹೊರಸೂಸದೆ ಹೀರುವ ಸಾಧನ) ಇರಲಿ.

ಎರಡನೆಯ ಉತ್ತರ: ಲಿನಕ್ಸ್ ಬಳಸುವವರಿಗೆ

ಮೇಲಿನದಕ್ಕೆ ಒಂದು ಸೇರ್ಪಡೆ. ಪೋರ್ಟ್ ಕಂಡರೂ ತೆರೆಯದಿದ್ದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಹೊರಬಂದು ಒಳಹೋಗುವವರೆಗೆ ಅನುಮತಿ ಜಾರಿಯಾಗದು. ಉಬುಂಟು 22.04ರಲ್ಲಿ ಸಿಎಚ್340 ಚಿಪ್‌ನ ಕೇಬಲ್ ಕಾಣಿಸಿ ಮಾಯವಾದರೆ, ಬ್ರೈಲ್ ಉಪಕರಣಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಸೇವೆ ಅದನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಬ್ರೈಲ್ ಉಪಕರಣ ಬಳಸದಿದ್ದರೆ ಆ ಸೇವೆಯನ್ನು ತೆಗೆಯಿರಿ. ಯುಎಸ್‌ಬಿ ಸೊನ್ನೆ, ಯುಎಸ್‌ಬಿ ಒಂದು ಎಂಬ ಪೋರ್ಟ್ ಹೆಸರುಗಳು ಬೂಟ್ ಆದಾಗಲೆಲ್ಲ ಅದಲುಬದಲಾಗಬಹುದು. ಸೀರಿಯಲ್ ಫೋಲ್ಡರ್‌ನ ಬೈ-ಐಡಿ ಒಳಗಿನ ಉದ್ದ ಹೆಸರನ್ನೇ ಕೊಡಿ.

ಮೂರನೆಯ ಉತ್ತರ: ಎಫ್‌ಟಿ8 ಲಾಗ್‌ಗೆ ಬರದಿರುವುದು, ಎರಡು ಸಲ ಬರುವುದು

ಡಬ್ಲ್ಯೂಎಸ್‌ಜೆಟಿ-ಎಕ್ಸ್ ಲಾಗ್ ಸಂದೇಶ ಕಳಿಸುವುದು ಲಾಗ್ ಕ್ಯೂಎಸ್‌ಒ ಕಿಟಕಿಯಲ್ಲಿ ಓಕೆ ಒತ್ತಿದ ಮೇಲೆ. 73 (ವಿದಾಯದ ಸಂದೇಶ) ಹೋದ ಮಾತ್ರಕ್ಕೆ ಏನೂ ಹೊರಡುವುದಿಲ್ಲ. ಓಕೆ ಒತ್ತಿದ ಮೇಲೆ ಅದರದೇ ಎಡಿಐ ಫೈಲ್‌ನ ಕೊನೆಗೆ ಹೊಸ ಸಾಲು ಸೇರಿತೇ ನೋಡಿ. ಸೇರಿದ್ದರೆ ತಪ್ಪು ಇರುವುದು ಯುಡಿಪಿ ದಾರಿಯಲ್ಲಿ, ಅಂದರೆ ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ನೆಟ್‌ವರ್ಕ್ ದಾರಿಯಲ್ಲಿ.

ರಿಪೋರ್ಟಿಂಗ್ ಟ್ಯಾಬ್‌ನಲ್ಲಿ ಮೊದಲಿಂದ ಇರುವುದು 127.0.0.1, ಪೋರ್ಟ್ 2237. ಈ ವಿಳಾಸದಲ್ಲಿ ಸಂದೇಶ ಒಬ್ಬರಿಗೇ ತಲುಪುತ್ತದೆ. ಇನ್ನೊಂದು ಸಹಾಯಕ ಪ್ರೋಗ್ರಾಂ 2237ರಲ್ಲಿ ಕೇಳುತ್ತಿದ್ದರೆ ಲಾಗ್‌ಗೆ ಏನೂ ಸಿಗದು. ಇಬ್ಬರಿಗೂ ಬೇಕಾದರೆ 239.255.0.0ಯಂಥ ಮಲ್ಟಿಕಾಸ್ಟ್ ವಿಳಾಸ ಕೊಟ್ಟು, ಕೇಳುವ ಎಲ್ಲ ಪ್ರೋಗ್ರಾಂಗಳಲ್ಲೂ ಅದನ್ನೇ ಬರೆಯಿರಿ. ಲಾಗ್ ಬೇರೆ ಕಂಪ್ಯೂಟರ್‌ನಲ್ಲಿದ್ದರೆ ಫೈರ್‌ವಾಲ್‌ನಲ್ಲಿ ಯುಡಿಪಿಗೆ ದಾರಿ ಬಿಡಬೇಕು.

ಎರಡೆರಡು ಬೀಳುವುದಕ್ಕೆ ಬೇರೆ ಕಾರಣ. ಅದೇ ಟ್ಯಾಬ್‌ನಲ್ಲಿ ಕೆಳಗೆ, ಮುಗಿದ ಸಂಪರ್ಕವನ್ನು ಎಡಿಐಎಫ್ (ಎಡಿಐ ಫೈಲ್‌ನದೇ) ರೂಪದಲ್ಲಿ ಪೋರ್ಟ್ 2333ಕ್ಕೆ ಕಳಿಸುವ ಇನ್ನೊಂದು ಆಯ್ಕೆ ಇದೆ. ನಿಮ್ಮ ಲಾಗ್ ಎರಡೂ ಪೋರ್ಟ್‌ಗಳನ್ನು ಕೇಳುತ್ತಿದ್ದರೆ ಒಂದು ಕ್ಯೂಎಸ್‌ಒ ಎರಡಾಗುತ್ತದೆ. ಒಂದನ್ನು ಮುಚ್ಚಿ.

ನಾಲ್ಕನೆಯ ಉತ್ತರ: ಇಂಪೋರ್ಟ್‌ನಲ್ಲಿ ಕಳೆದುಹೋದ ದಾಖಲೆಗಳು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಸದ್ದಿಲ್ಲದೆ ದಾಖಲೆ ಹಾಳಾಗುವುದು ಇಲ್ಲೇ. ಎಡಿಐ ಬರೀ ಪಠ್ಯ. ಪ್ರತಿ ಮಾಹಿತಿಯ ಮುಂದೆ ಕೋನ ಆವರಣದೊಳಗೆ ಅದರ ಹೆಸರು, ಕೋಲನ್, ಉದ್ದ ಇರುತ್ತವೆ. ದಾಖಲೆ ಮುಗಿಯುವುದು ಇಒಆರ್ ಗುರುತಿನಿಂದ. ಓದುವ ಪ್ರೋಗ್ರಾಂ ಆ ಉದ್ದವನ್ನು ನಂಬಿಯೇ ನಡೆಯುತ್ತದೆ. ಕೈಯಲ್ಲಿ ತಿದ್ದುವಾಗ ಹೆಸರನ್ನು ಉದ್ದ ಮಾಡಿ ಸಂಖ್ಯೆಯನ್ನು ಹಾಗೇ ಬಿಟ್ಟರೆ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ, ಅಷ್ಟೇ. ಸಂಖ್ಯೆ ಇರಬೇಕಾದ್ದಕ್ಕಿಂತ ದೊಡ್ಡದಾದರೆ ಹಾನಿ ಹೆಚ್ಚು: ಅದು ಮುಂದಿನ ಗುರುತನ್ನೂ ನುಂಗುತ್ತದೆ. ನುಂಗಿದ್ದು ಇಒಆರ್ ಆದರೆ ಎರಡು ದಾಖಲೆ ಒಂದಾಗಿ ಬೆಸೆದುಕೊಂಡು ಒಂದು ಕಾಣೆಯಾಗುತ್ತದೆ.

ಟಿಪ್ಪಣಿಯಲ್ಲೋ ಹೆಸರಿನಲ್ಲೋ ಕನ್ನಡ ಬರೆಯುವವರಿಗೆ ಇದು ನೇರವಾಗಿ ತಟ್ಟುತ್ತದೆ. ‘ಕನ್ನಡ’ ಎಂಬ ಪದ ಯುನಿಕೋಡ್‌ನಲ್ಲಿ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಬರೆದ ಪ್ರೋಗ್ರಾಂ 15 ಎಂದು ಎಣಿಸಿ, ಓದುವುದು ಅಕ್ಷರ ಸಂಕೇತಗಳನ್ನು ಎಣಿಸಿದರೆ ಮುಂದಿನ 10 ಸಂಕೇತಗಳು ಹೋದಂತೆಯೇ. ತಿರುವುಮುರುವಾದರೆ ‘ಕ’ ಉಳಿದು, ಮುಂದಿನ ಅಕ್ಷರ ಅರ್ಧಕ್ಕೆ ತುಂಡಾಗಿ ವಿಚಿತ್ರ ಗುರುತು ಕಾಣುತ್ತದೆ. ನಿಯಮದ ಪ್ರಕಾರ ಎಡಿಐ ಆಸ್ಕಿಗೆ ಮಾತ್ರ. ಇತರ ಲಿಪಿಗಳಿಗೆ ಎಕ್ಸ್‌ಎಂಎಲ್ ಆಧಾರದ ಎಡಿಎಕ್ಸ್ ರೂಪವಿದೆ. ನಿಮ್ಮ ತಂತ್ರಾಂಶ ಎಡಿಎಕ್ಸ್ ಬಲ್ಲದಾದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕನ್ನಡ ಟಿಪ್ಪಣಿಗಳನ್ನು ಬೇರೆಯಾಗಿ ಉಳಿಸಿಕೊಂಡು, ಎಕ್ಸ್‌ಪೋರ್ಟ್‌ನಲ್ಲಿ ಆ ಕಾಲಂ ಬಿಡಿ. ನಮ್ಮ ಲಿಪಿಯನ್ನು ಬಿಡಬೇಕೆಂದು ಹೇಳಲು ನನಗೆ ಇಷ್ಟವಿಲ್ಲ, ಆದರೆ ಕಾಲ್‌ಸೈನ್ (ರೇಡಿಯೊ ಕೇಂದ್ರದ ಗುರುತು) ಕಳೆದುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು.

ಇನ್ನುಳಿದವು: ಫ್ರೀಕ್ವೆನ್ಸಿ ಮೆಗಾಹರ್ಟ್ಸ್‌ನಲ್ಲಿರಬೇಕು. 14.074 ಸರಿ, 14074 ಎಂದಿದ್ದರೆ ಯಾವ ಬ್ಯಾಂಡಿಗೂ ಸೇರದೆ ದಾಖಲೆ ತಿರಸ್ಕೃತವಾಗಬಹುದು. ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ದಶಮಾಂಶಕ್ಕೆ ಅಲ್ಪವಿರಾಮ ಬಳಸುವಂತಿದ್ದರೆ 14,074 ಎಂದಾಗಿಯೂ ಕೆಡುತ್ತದೆ. ಎಫ್‌ಟಿ8 ತಾನೇ ಒಂದು ಮೋಡ್, ಆದರೆ ಎಫ್‌ಟಿ4 ಹಾಗಲ್ಲ. ಅಲ್ಲಿ ಮೋಡ್ ಎಂಎಫ್‌ಎಸ್‌ಕೆ, ಸಬ್‌ಮೋಡ್ ಎಫ್‌ಟಿ4. ಹಾಗೆಯೇ ಯುಎಸ್‌ಬಿ (ಇಲ್ಲಿ ಅಪ್ಪರ್ ಸೈಡ್‌ಬ್ಯಾಂಡ್, ಕೇಬಲ್ ಅಲ್ಲ), ಎಲ್‌ಎಸ್‌ಬಿಗಳು ಎಸ್‌ಎಸ್‌ಬಿಯ ಸಬ್‌ಮೋಡ್‌ಗಳು. ಹಳೆಯ ಲಾಗ್‌ಗಳಲ್ಲಿ ಇವನ್ನು ಮೋಡ್ ಎಂದೇ ಬರೆದಿರುವುದು ಸಾಮಾನ್ಯ. ನಡುವೆ ಎಕ್ಸೆಲ್ ಬಳಸಿದ್ದರೆ ಸಮಯದ ಮುಂದಿನ ಸೊನ್ನೆಗಳು ಬಿದ್ದುಹೋಗಿ 0007 ಎಂಬುದು 7 ಆಗಿರುತ್ತದೆ. ಸಮಯಕ್ಕೆ 4 ಅಥವಾ 6 ಅಂಕಿ, ದಿನಾಂಕಕ್ಕೆ 8 ಅಂಕಿ ಬೇಕೇಬೇಕು. ಆ ಕಾಲಂಗಳನ್ನು ಪಠ್ಯ ಎಂದು ಗುರುತಿಸಿಯೇ ತೆರೆಯಿರಿ.

ಪರೀಕ್ಷೆ ಸುಲಭ. ಮೂಲ ಫೈಲ್‌ನಲ್ಲಿ ಇಒಆರ್ ಎಷ್ಟಿವೆ ಎಂದು ಎಣಿಸಿ, ಖಾಲಿ ಲಾಗ್‌ಗೆ ಇಂಪೋರ್ಟ್ ಮಾಡಿ, ಸಂಖ್ಯೆ ಹೋಲಿಸಿ. ಕಡಿಮೆ ಬಂದರೆ ಫೈಲನ್ನು ಅರ್ಧ ಮಾಡಿ ಮತ್ತೆ ನೋಡಿ, ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ದಾಖಲೆಗಳಿದ್ದರೂ ಹೀಗೆ ಹತ್ತು ಸಲ ಸೀಳುವುದರೊಳಗೆ ಕೆಟ್ಟ ಸಾಲು ಸಿಗುತ್ತದೆ.

ಐದನೆಯ ಉತ್ತರ: ಎಲ್‌ಒಟಿಡಬ್ಲ್ಯೂ ಹೊಂದದಿರುವುದು

ಹೆಚ್ಚಿನವು ಸಮಯದ ತಪ್ಪುಗಳು. ಎರಡೂ ಕಡೆಯ ಲಾಗ್‌ನಲ್ಲಿ ಆರಂಭದ ಸಮಯ 30 ನಿಮಿಷದೊಳಗೆ ಹೊಂದಬೇಕು, ಅದೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಎಫ್‌ಟಿ8 ಸರಿಯಾಗಿ ಡಿಕೋಡ್ ಆಗುತ್ತಿದ್ದೂ ಲಾಗ್‌ನ ಸಮಯ ಗಂಟೆಗಟ್ಟಲೆ ಆಚೀಚೆ ಇದ್ದರೆ ಗಡಿಯಾರ ಸರಿಯಿದೆ, ಸಮಯ ವಲಯ ತಪ್ಪಿದೆ. ಡಿಕೋಡ್ ಕೂಡ ಆಗದಿದ್ದರೆ ಗಡಿಯಾರವೇ ಸೆಕೆಂಡುಗಳಷ್ಟು ಜಾರಿದೆ, ಎನ್‌ಟಿಪಿ (ಅಂತರ್ಜಾಲದಿಂದ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಹೊಂದಿಸಿ. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಇನ್ನೊಂದು ತೊಡಕು: ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಎಂದೂ ಲಿನಕ್ಸ್ ಯುಟಿಸಿ ಎಂದೂ ಓದುತ್ತದೆ. ಒಂದನ್ನು ಬದಲಿಸಿ ಎರಡೂ ಒಂದೇ ರೀತಿ ಓದುವಂತೆ ಮಾಡಿ. ಸಮಯ ತಿದ್ದುವಾಗ ದಿನಾಂಕವೂ ಬದಲಾಗಬೇಕಾದ ಸಾಲುಗಳನ್ನು ಮರೆಯಬೇಡಿ.

ಲಾಗ್‌ಗೆ ಡಿಜಿಟಲ್ ಸಹಿ ಹಾಕಿ ಎಲ್‌ಒಟಿಡಬ್ಲ್ಯೂಗೆ ಕಳಿಸುವ ಟಿಕ್ಯೂಎಸ್‌ಎಲ್ ಪ್ರೋಗ್ರಾಂ ದಿನಾಂಕ ಮಿತಿ ಮೀರಿದೆ ಎಂದರೆ, ಸಾಮಾನ್ಯವಾಗಿ ಸಹಿಯ ಸರ್ಟಿಫಿಕೇಟ್ ಕೋರುವಾಗ ಕೊಟ್ಟ ಮೊದಲ ಕ್ಯೂಎಸ್‌ಒ ದಿನಾಂಕಕ್ಕಿಂತ ಹಿಂದಿನ ಸಂಪರ್ಕಗಳು ಅದರಲ್ಲಿವೆ ಎಂದರ್ಥ. ಲಾಗ್‌ನ ದಿನಾಂಕ ತಿದ್ದಬೇಡಿ. ಸರಿಯಾದ ವ್ಯಾಪ್ತಿಯ ಸರ್ಟಿಫಿಕೇಟ್ ಕೇಳಿ. ಮೋಡ್ ಗೊತ್ತಿಲ್ಲ ಎಂದರೆ ಮೊದಲು ಅದರ ಕಾನ್ಫಿಗರೇಶನ್ ಅಪ್‌ಡೇಟ್ ಮಾಡಿ. ಕಂಪ್ಯೂಟರ್ ಬದಲಿಸುವ ಮುನ್ನ ಟಿಕ್ಯೂಎಸ್‌ಎಲ್‌ನಿಂದ ಬ್ಯಾಕಪ್ ತೆಗೆದಿಡಿ. ಸರ್ಟಿಫಿಕೇಟ್‌ನ ಖಾಸಗಿ ಕೀ ಇರುವುದು ನಿಮ್ಮ ಯಂತ್ರದಲ್ಲಿ ಮಾತ್ರ.

ಆರನೆಯ ಉತ್ತರ: ಸೆಟ್ಟಿಂಗ್ ತಪ್ಪಲ್ಲದ ಎರಡು ತೊಂದರೆಗಳು

ಟ್ರಾನ್ಸ್‌ಮಿಟ್ ಮಾಡಿದಾಗ ಮಾತ್ರ ಪೋರ್ಟ್ ಕಡಿದುಹೋದರೆ ಅದು ಯುಎಸ್‌ಬಿ ಕೇಬಲ್‌ಗೆ ನುಗ್ಗುವ ಆರ್‌ಎಫ್ (ರೇಡಿಯೊ ಅಲೆಯ ಶಕ್ತಿ). ಡಮ್ಮಿ ಲೋಡ್‌ನಲ್ಲಿ ಕಡಿಯದೆ ಆಂಟೆನಾದಲ್ಲಿ ಕಡಿದರೆ ಖಚಿತ. ಎಚ್‌ಎಫ್‌ಗೆ 31ನೇ ಮಿಶ್ರಣದ ಫೆರೈಟ್ ಕೋರ್‌ಗೆ ಕೇಬಲನ್ನು ಹಲವು ಸುತ್ತು ಸುತ್ತಿ. ಒಂದೇ ಸುತ್ತಿನ ಕ್ಲಿಪ್‌ನಿಂದ ಕೆಳ ಬ್ಯಾಂಡ್‌ಗಳಲ್ಲಿ ಹೆಚ್ಚೇನೂ ಆಗದು.

ಎರಡನೆಯದು ಡೇಟಾಬೇಸ್. ಎಸ್‌ಕ್ಯೂಲೈಟ್ ಲಾಗನ್ನು ಕ್ಲೌಡ್ ಸಿಂಕ್ ಫೋಲ್ಡರ್‌ನಲ್ಲೋ ನೆಟ್‌ವರ್ಕ್ ಡ್ರೈವ್‌ನಲ್ಲೋ ತೆರೆದಿಟ್ಟು ಕೆಲಸ ಮಾಡಬೇಡಿ. ಮುಖ್ಯ ಫೈಲ್ ಪಕ್ಕದಲ್ಲಿ ವಾಲ್ ಎಂಬ ಬಾಲದ ಫೈಲ್ ಇದ್ದರೆ ಇತ್ತೀಚಿನ ದಾಖಲೆಗಳು ಇನ್ನೂ ಅದರಲ್ಲೇ ಇರಬಹುದು. ಸಿಂಕ್ ಎರಡನ್ನೂ ಬೇರೆಬೇರೆ ಹೊತ್ತಿಗೆ ನಕಲಿಸಿದರೆ ಲಾಗ್ ಕೆಡುತ್ತದೆ. ಡೇಟಾಬೇಸ್ ಸ್ಥಳೀಯ ಡಿಸ್ಕ್‌ನಲ್ಲಿರಲಿ, ಪ್ರೋಗ್ರಾಂ ಮುಚ್ಚಿದ ಮೇಲೆ ತೆಗೆದ ನಕಲು ಮಾತ್ರ ಕ್ಲೌಡ್‌ಗೆ ಹೋಗಲಿ.